ಹಳೆಯ ವಿಡಿಯೋ ಕ್ಯಾಸೆಟ್‌ಗಳನ್ನು ಉಳಿಸಿಕೊಳ್ಳುವಾಗ: ಗಣಕಯಂತ್ರದ ಭಾರ ಇಳಿಸುವ ಬಗೆ

ಕಳೆದ ಶತಮಾನದ ಎಂಬತ್ತು ಮತ್ತು ತೊಂಬತ್ತರ ದಶಕಗಳಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ, ರಥೋತ್ಸವ, ಪ್ರವಚನಗಳು ನಡೆದಲ್ಲೆಲ್ಲಾ ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತ ಛಾಯಾಗ್ರಾಹಕರೊಬ್ಬರು ಕಾಣಸಿಗುತ್ತಿದ್ದರು. ಅಂದು ಚಿತ್ರೀಕರಿಸಿದ ಕ್ಯಾಸೆಟ್‌ಗಳು ಇಂದಿಗೂ ಅನೇಕ ಮನೆಗಳ ಬೀರುಗಳಲ್ಲಿ, ಅಟ್ಟದ ಮೇಲಿನ ಟ್ರಂಕುಗಳಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿವೆ. ಅವುಗಳಲ್ಲಿರುವ ಹಿರಿಯರಲ್ಲಿ ಹಲವರು ಇಂದು ನಮ್ಮೊಂದಿಗಿಲ್ಲ. ಅವರ ನಡೆ, ನುಡಿ, ನಗು, ಧ್ವನಿಗಳು ಉಳಿದಿರುವುದು ಆ ಕಪ್ಪು ಪಟ್ಟಿಯ ಮೇಲೆ ಮಾತ್ರ. ಭಾವಚಿತ್ರಗಳು ಮುಖವನ್ನು ಉಳಿಸಿಕೊಡುತ್ತವೆಯೇ ಹೊರತು ಧ್ವನಿಯನ್ನಲ್ಲ.

ಆ ಪಟ್ಟಿಗೂ ಆಯುಷ್ಯವಿದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಬಗೆಯ ಅಂಟಿನೊಂದಿಗೆ ಲೇಪಿಸಿದ ಕಾಂತೀಯ ಪುಡಿಯೇ ಅದರ ಜೀವಾಳ. ಕಾಲ ಸರಿದಂತೆ ಅಂಟು ಸಡಿಲಗೊಳ್ಳುತ್ತದೆ. ತೇವಾಂಶ ಹೆಚ್ಚಾಗಿರುವ ಮಲೆನಾಡು ಮತ್ತು ಕರಾವಳಿಯಲ್ಲಿ ಬೂಷ್ಟು ಹಿಡಿಯುತ್ತದೆ. ಜಪಾನಿನ ಜೆವಿಸಿ ಕಂಪನಿಯು 1976ರಲ್ಲಿ ಮಾರುಕಟ್ಟೆಗೆ ತಂದ ವಿಎಚ್‌ಎಸ್ ಪದ್ಧತಿಯ ಕ್ಯಾಸೆಟ್‌ಗಳನ್ನು ಓಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಇಂತಹ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯು 2016ರ ಜುಲೈನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಆದಕಾರಣ ಇವುಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಕಾರ್ಯವನ್ನು ಮುಂದೂಡುವಂತಿಲ್ಲ. ಶಿಥಿಲವಾದ ಕ್ಯಾಸೆಟ್ ಒಂದೇ ಬಾರಿ ಸರಿಯಾಗಿ ಓಡಿ, ಎರಡನೆಯ ಬಾರಿಗೆ ಕೈಕೊಡುವ ಸಂಭವವಿರುತ್ತದೆ. ಆ ಒಂದು ಓಟದಲ್ಲಿ ಗಣಕಯಂತ್ರವು ಬೇರಾವುದೋ ಕೆಲಸದಲ್ಲಿ ಮಗ್ನವಾಗಿದ್ದು ಚಿತ್ರಗಳನ್ನು ಕೈಬಿಟ್ಟರೆ, ಬಿಟ್ಟದ್ದು ಬಿಟ್ಟೇ ಹೋಗುತ್ತದೆ. ಇದನ್ನು ತಪ್ಪಿಸಲು ಗಣಕಯಂತ್ರವನ್ನು ಮುಂಚಿತವಾಗಿ ಹೇಗೆ ಅಣಿಗೊಳಿಸಬೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಾಯದೆ ಓಡುವ ಚಿತ್ರ

ಒಂದು ಪೆನ್ ಡ್ರೈವ್‌ನಿಂದ ಕಡತವನ್ನು ನಕಲು ಮಾಡಿಕೊಳ್ಳುವುದಕ್ಕೂ ಕ್ಯಾಸೆಟ್‌ನಿಂದ ಚಿತ್ರವನ್ನು ಇಳಿಸಿಕೊಳ್ಳುವುದಕ್ಕೂ ಮೂಲಭೂತವಾದ ಅಂತರವಿದೆ. ಕಡತವನ್ನು ನಕಲು ಮಾಡುವಾಗ ಗಣಕಯಂತ್ರವು ನಡುವೆ ತುಸು ಹೊತ್ತು ನಿಂತರೂ ನಷ್ಟವಿಲ್ಲ. ಪೆನ್ ಡ್ರೈವ್ ಸುಮ್ಮನೆ ಕಾಯುತ್ತದೆ, ಕೆಲಸ ತಡವಾಗುತ್ತದೆ, ಅಷ್ಟೆ. ಕ್ಯಾಸೆಟ್ ಹಾಗಲ್ಲ. ಒಮ್ಮೆ ಓಡಲು ತೊಡಗಿದರೆ ಅದು ಯಾರಿಗೂ ಕಾಯುವುದಿಲ್ಲ.

ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಹಾದುಹೋಗುತ್ತವೆ. ಈ ಒಂದೊಂದು ಚಿತ್ರವನ್ನೂ ಫ್ರೇಮ್ ಎನ್ನುತ್ತಾರೆ. ಅಂದರೆ ಒಂದು ಫ್ರೇಮ್‌ಗೆ ದೊರೆಯುವ ಕಾಲಾವಕಾಶ ಸೆಕೆಂಡಿನ ಸಾವಿರ ಭಾಗಗಳಲ್ಲಿ 40 ಭಾಗ ಮಾತ್ರ. ಅಷ್ಟರೊಳಗೆ ಗಣಕಯಂತ್ರವು ಆ ಫ್ರೇಮನ್ನು ಸ್ವೀಕರಿಸಿ, ಬೇಕಾದ ರೂಪಕ್ಕೆ ತಂದು, ಡಿಸ್ಕಿನ ಮೇಲೆ ಬರೆದು ಮುಂದಿನದಕ್ಕೆ ಸಿದ್ಧವಾಗಬೇಕು. ಒಂದು ಗಂಟೆಯ ಕ್ಯಾಸೆಟ್‌ನಲ್ಲಿ ಇಂತಹ 90,000 ಫ್ರೇಮ್‌ಗಳಿರುತ್ತವೆ.

ಪಂಕ್ತಿಯಲ್ಲಿ ಬಡಿಸುವವರನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಾಮಾನ್ಯವಾಗಿ ಬಡಿಸುವವರು ನಡೆಯುತ್ತಾರೆ, ಎಲೆಗಳು ಇದ್ದಲ್ಲೇ ಇರುತ್ತವೆ. ತುಸು ತಡವಾದರೂ ಎಲ್ಲರಿಗೂ ಅನ್ನ ತಲುಪುತ್ತದೆ. ಎಲೆಗಳೇ ಒಂದೇ ವೇಗದಲ್ಲಿ ಸರಿದುಹೋಗುತ್ತಿದ್ದು, ಬಡಿಸುವವರು ನಿಂತಲ್ಲೇ ಬಡಿಸಬೇಕಾಗಿದ್ದರೆ? ಯಾರೋ ಹಿಂದಿನಿಂದ ಕರೆದರೆಂದು ಒಮ್ಮೆ ತಿರುಗಿ ನೋಡಿದರೂ ಎರಡು ಎಲೆಗಳು ಬರಿದಾಗಿ ಮುಂದೆ ಸಾಗಿರುತ್ತವೆ. ಗಣಕಯಂತ್ರಕ್ಕೆ ಎದುರಾಗುವ ಪರಿಸ್ಥಿತಿ ಇದೇ. ಅದು ನಿಧಾನವಾಗಿದೆ ಎನ್ನುವುದಕ್ಕಿಂತ ಅದನ್ನು ಹಿಂದಿನಿಂದ ಕರೆಯುವವರು ಹೆಚ್ಚಾಗಿದ್ದಾರೆ ಎನ್ನುವುದೇ ಹೆಚ್ಚು ಸತ್ಯ.

ಈ ತೊಂದರೆಯನ್ನು ತಗ್ಗಿಸಲು ಚಿತ್ರವನ್ನು ಇಳಿಸಿಕೊಳ್ಳುವ ತಂತ್ರಾಂಶಗಳು ರ‍್ಯಾಮ್‌ನಲ್ಲಿ ಒಂದಿಷ್ಟು ಜಾಗವನ್ನು ಮೀಸಲಿಡುತ್ತವೆ. ಕಾಲುವೆಯ ನೀರು ಹೊಲಕ್ಕೆ ಹರಿಯುವ ಮೊದಲು ಹೊಂಡದಲ್ಲಿ ನಿಲ್ಲುವಂತೆ ಫ್ರೇಮ್‌ಗಳು ಅಲ್ಲಿ ಕ್ಷಣಕಾಲ ತಂಗುತ್ತವೆ. ಡಿಸ್ಕ್ ಒಂದು ಕ್ಷಣ ತಡವರಿಸಿದರೂ ಹೊಂಡ ಅದನ್ನು ತಾಳಿಕೊಳ್ಳುತ್ತದೆ. ತಡವರಿಕೆ ದೀರ್ಘವಾದರೆ ಹೊಂಡ ತುಂಬಿ ಕೋಡಿ ಹರಿಯುತ್ತದೆ. ಹಾಗೆ ಹರಿದುಹೋದ ಫ್ರೇಮ್‌ಗಳನ್ನೇ ಕೈಬಿಟ್ಟ ಫ್ರೇಮ್‌ಗಳು ಎನ್ನುವುದು.

ನಷ್ಟ ಕಣ್ಣಿಗೆ ಕಾಣುವ ಬಗೆ

ಒಂದೆರಡು ಫ್ರೇಮ್ ಹೋದರೆ ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ. ಹಲವು ಹೋದರೆ ಚಿತ್ರವು ಎಡವಿದಂತೆ ಜಿಗಿಯುತ್ತದೆ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ ಧ್ವನಿಯ ಹೊಂದಾಣಿಕೆ ಕೆಡುವುದು. ಧ್ವನಿಯು ಚಿತ್ರಕ್ಕಿಂತ ಬೇರೆ ದಾರಿಯಲ್ಲಿ ಬರುತ್ತದೆ. ಅದರ ಗಾತ್ರ ಚಿಕ್ಕದಾದುದರಿಂದ ಸಾಮಾನ್ಯವಾಗಿ ಅದು ಪೂರ್ಣವಾಗಿ ಉಳಿಯುತ್ತದೆ. ಚಿತ್ರದಲ್ಲಿ 25 ಫ್ರೇಮ್ ಕೈತಪ್ಪಿ, ಅವುಗಳ ಜಾಗವನ್ನು ತಂತ್ರಾಂಶವು ತುಂಬದೆ ಹೋದರೆ, ಚಿತ್ರವು ಧ್ವನಿಗಿಂತ ಒಂದು ಸೆಕೆಂಡ್ ಮುಂದೆ ಹೋಗಿಬಿಡುತ್ತದೆ. ಮೊದಲು ತುಟಿ ಅಲುಗುತ್ತದೆ, ಆಮೇಲೆ ಮಾತು ಕೇಳಿಸುತ್ತದೆ. ಮೂರು ಗಂಟೆಯ ಕ್ಯಾಸೆಟ್‌ನ ಕೊನೆಗೆ ಬರುವಷ್ಟರಲ್ಲಿ ಈ ಅಂತರ ಬೆಳೆದು ನೋಡಲು ಕಷ್ಟವಾಗುತ್ತದೆ. ಕೆಲವು ತಂತ್ರಾಂಶಗಳು ಹಿಂದಿನ ಫ್ರೇಮನ್ನೇ ಮತ್ತೊಮ್ಮೆ ಬರೆದು ಹೊಂದಾಣಿಕೆಯನ್ನು ಕಾಪಾಡುತ್ತವೆ. ಆಗ ಧ್ವನಿ ಸರಿಯಿರುತ್ತದೆಯಾದರೂ ಹೋದ ಚಿತ್ರ ಮರಳುವುದಿಲ್ಲ.

ಫ್ರೇಮ್‌ಗಳು ತಪ್ಪುವುದಕ್ಕೆ ಪ್ರತಿಬಾರಿಯೂ ಗಣಕಯಂತ್ರವೇ ಕಾರಣವೆಂದು ತಿಳಿಯಬಾರದು. ಕ್ಯಾಸೆಟ್‌ನ ಪಟ್ಟಿ ಸುಕ್ಕಾಗಿದ್ದರೆ, ಯಂತ್ರದ ಹೆಡ್‌ನಲ್ಲಿ ಕೊಳೆ ಸೇರಿದ್ದರೆ ಬರುವ ಸಂಕೇತವೇ ಅಸ್ಥಿರವಾಗಿರುತ್ತದೆ. ಎರಡನ್ನೂ ಬೇರ್ಪಡಿಸಿ ತಿಳಿಯಲು ಸರಳವಾದ ಪರೀಕ್ಷೆಯೊಂದಿದೆ. ಗಟ್ಟಿಮುಟ್ಟಾದ ಕ್ಯಾಸೆಟ್ ಒಂದರ ಹತ್ತು ನಿಮಿಷದ ಭಾಗವನ್ನು ಎರಡು ಬಾರಿ ಇಳಿಸಿಕೊಳ್ಳಬೇಕು. ಎರಡು ಬಾರಿಯೂ ಅದೇ ಜಾಗದಲ್ಲಿ ಫ್ರೇಮ್ ತಪ್ಪಿದ್ದರೆ ದೋಷ ಪಟ್ಟಿಯಲ್ಲಿದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ತಪ್ಪಿದ್ದರೆ ದೋಷವು ಬಹುಮಟ್ಟಿಗೆ ಗಣಕಯಂತ್ರದ್ದು. ಪಟ್ಟಿಯ ದೋಷಕ್ಕೆ ಯಂತ್ರದ ಹೆಡ್ ಶುಚಿಗೊಳಿಸುವುದು, ಸಂಕೇತವನ್ನು ಸ್ಥಿರಗೊಳಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನವನ್ನು ಬಳಸುವುದು ಮುಂತಾದ ಉಪಾಯಗಳಿವೆ. ಗಣಕಯಂತ್ರದ ದೋಷಕ್ಕೆ ಹೊಸ ಸಾಧನವೇನೂ ಬೇಕಿಲ್ಲ. ಇರುವುದನ್ನು ಬಿಡುವು ಮಾಡಿದರೆ ಸಾಕು.

ಯಂತ್ರದ ವೇಳೆಯನ್ನು ಕಬಳಿಸುವವರು ಯಾರು?

ಬಿಡುವು ಮಾಡುವ ಮೊದಲು ಯಾರು ಏನನ್ನು ಬಳಸುತ್ತಿದ್ದಾರೆಂದು ತಿಳಿಯಬೇಕು. ವಿಂಡೋಸ್ ಇರುವ ಗಣಕಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಮತ್ತು ಅಂತರ್ಜಾಲದ ಸಂಪರ್ಕವನ್ನು ಯಾವ ತಂತ್ರಾಂಶ ಎಷ್ಟು ಬಳಸುತ್ತಿದೆ ಎಂಬುದನ್ನು ಅದು ಅಂಕಿಗಳಲ್ಲಿ ತೋರಿಸುತ್ತದೆ. ಆಯಾ ಅಂಕಣದ ಶೀರ್ಷಿಕೆಯ ಮೇಲೆ ಒತ್ತಿದರೆ ಹೆಚ್ಚು ಬಳಸುವವರು ಮೇಲೆ ಬಂದು ನಿಲ್ಲುತ್ತಾರೆ. ಯಾವ ಕೆಲಸವನ್ನೂ ಮಾಡದೆ ಐದು ನಿಮಿಷ ಇದನ್ನು ಗಮನಿಸಿದರೆ, ಸುಮ್ಮನೆ ಕುಳಿತಿರುವಂತೆ ಕಾಣುವ ಯಂತ್ರವು ಒಳಗೊಳಗೇ ಎಷ್ಟು ದುಡಿಯುತ್ತಿದೆ ಎಂಬುದು ತಿಳಿಯುತ್ತದೆ.

ಮೊದಲನೆಯದಾಗಿ, ಗಣಕಯಂತ್ರ ಚಾಲೂ ಆದೊಡನೆ ಯಾರೂ ಕೇಳದೆ ತಾವಾಗಿಯೇ ತೆರೆದುಕೊಳ್ಳುವ ತಂತ್ರಾಂಶಗಳಿರುತ್ತವೆ. ಸಂದೇಶ ಕಳುಹಿಸುವವು, ಸಂಗೀತ ನುಡಿಸುವವು, ಪ್ರಿಂಟರ್ ಜೊತೆಗೆ ಬಂದವು, ಎಂದೋ ಒಮ್ಮೆ ಬೇಕಾಗಿ ಹಾಕಿಕೊಂಡವು ಎಲ್ಲವೂ ಇದರಲ್ಲಿ ಸೇರುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿಯೇ ಸ್ಟಾರ್ಟಪ್ ಎಂಬ ವಿಭಾಗವಿದ್ದು, ಬೇಡವಾದವನ್ನು ಅಲ್ಲಿ ನಿಷ್ಕ್ರಿಯಗೊಳಿಸಬಹುದು. ಇದರಿಂದ ಆ ತಂತ್ರಾಂಶ ಅಳಿಸಿಹೋಗುವುದಿಲ್ಲ, ಕರೆಯದೆ ಬರುವುದು ಮಾತ್ರ ನಿಲ್ಲುತ್ತದೆ. ಧ್ವನಿ, ಚಿತ್ರ ಮತ್ತು ಟಚ್‌ಪ್ಯಾಡ್‌ಗಳ ಚಾಲಕ ತಂತ್ರಾಂಶಗಳಂತೆ ಕಾಣುವವನ್ನು ಹಾಗೂ ಹೆಸರು ತಿಳಿಯದವನ್ನು ಮುಟ್ಟದಿರುವುದು ಕ್ಷೇಮ.

ಎರಡನೆಯದು ಬ್ರೌಸರ್. ಹತ್ತಾರು ಪುಟಗಳನ್ನು ತೆರೆದಿಟ್ಟ ಬ್ರೌಸರ್ ರ‍್ಯಾಮ್‌ನ ದೊಡ್ಡ ಪಾಲನ್ನು ಹಿಡಿದಿಟ್ಟುಕೊಂಡಿರುತ್ತದೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ಅದರಲ್ಲಿದ್ದ ಮಾಹಿತಿಯನ್ನು ತೆಗೆದು ಡಿಸ್ಕಿನ ಮೇಲೆ ಇರಿಸತೊಡಗುತ್ತದೆ. ಅತ್ತ ಫ್ರೇಮ್‌ಗಳನ್ನು ಬರೆಯುತ್ತಿರುವ ಡಿಸ್ಕಿಗೆ ಇತ್ತ ಈ ಹೊಸ ಹೊರೆಯೂ ಬೀಳುತ್ತದೆ. 4 ಜಿಬಿ ರ‍್ಯಾಮ್ ಇರುವ ಯಂತ್ರಗಳಲ್ಲಿ ಫ್ರೇಮ್ ತಪ್ಪುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಬ್ರೌಸರನ್ನು ಕೆಳಕ್ಕಿಳಿಸಿದರೆ ಸಾಲದು, ಪೂರ್ಣವಾಗಿ ಮುಚ್ಚಬೇಕು.

ಮೂರನೆಯದು ಅಂತರ್ಜಾಲದ ಸಂಗ್ರಹಕ್ಕೆ ಕಡತಗಳನ್ನು ಕಳುಹಿಸುವ ಒನ್‌ಡ್ರೈವ್, ಗೂಗಲ್ ಡ್ರೈವ್ ಮೊದಲಾದ ಸೇವೆಗಳು. ಇವು ತಮಗೆ ಒಪ್ಪಿಸಿದ ಫೋಲ್ಡರನ್ನು ಸದಾ ಗಮನಿಸುತ್ತಿರುತ್ತವೆ. ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ ಸೇರಿಕೊಂಡಿದ್ದು, ಅಲ್ಲಿಯೇ ವಿಡಿಯೋ ಉಳಿಸಲು ಹೊರಟರೆ, ಬೆಳೆಯುತ್ತಿರುವ ದೊಡ್ಡ ಕಡತದ ಹಿಂದೆ ಈ ಸೇವೆಯೂ ಬೀಳುತ್ತದೆ. ಆದ್ದರಿಂದ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ವಿಡಿಯೋವನ್ನು ಅದರ ಕಣ್ಣಳವಿಗೆ ನಿಲುಕದ ಬೇರೆ ಫೋಲ್ಡರ್‌ನಲ್ಲಿ ಇರಿಸಬೇಕು.

ನಾಲ್ಕನೆಯದು ವಿಂಡೋಸ್‌ನ ಸ್ವಂತ ಕೆಲಸಗಳು. ಹೊಸ ಪರಿಷ್ಕರಣೆಗಳನ್ನು ತರಿಸಿಕೊಳ್ಳುವುದು, ಕಡತಗಳ ಸೂಚಿಯನ್ನು ಸಿದ್ಧಪಡಿಸುವುದು, ಡಿಸ್ಕನ್ನು ಓರಣಗೊಳಿಸುವುದು ಇವೆಲ್ಲವೂ ಯಂತ್ರಕ್ಕೆ ಕೆಲಸ ಕಡಿಮೆಯಿದೆ ಎನಿಸಿದಾಗ ಹಿನ್ನೆಲೆಯಲ್ಲಿ ಆರಂಭವಾಗುತ್ತವೆ. ಕ್ಯಾಸೆಟ್ ಓಡುತ್ತಿರುವಾಗ ನಾವು ಮೌಸ್ ಮುಟ್ಟದೆ ದೂರ ಕುಳಿತಿರುತ್ತೇವೆ. ಯಂತ್ರವು ಅದನ್ನೇ ಬಿಡುವೆಂದು ಭಾವಿಸುವ ಸಂಭವವಿದೆ. ಪರಿಷ್ಕರಣೆಗಳನ್ನು ಕೆಲವು ದಿನಗಳ ಮಟ್ಟಿಗೆ ತಡೆಹಿಡಿಯುವ ಸೌಲಭ್ಯವು ಸೆಟ್ಟಿಂಗ್ಸ್‌ನಲ್ಲಿಯೇ ಇದೆ. ಆರಂಭಿಸುವ ಹಿಂದಿನ ದಿನ ಬಾಕಿಯಿರುವ ಪರಿಷ್ಕರಣೆಗಳನ್ನೆಲ್ಲಾ ಮುಗಿಸಿ, ಯಂತ್ರವನ್ನು ಒಮ್ಮೆ ಆರಿಸಿ ಚಾಲೂ ಮಾಡಿ, ಆನಂತರ ತಡೆಹಿಡಿಯುವುದು ಸರಿಯಾದ ಕ್ರಮ.

ಐದನೆಯದು ವೈರಸ್ ತಡೆಯುವ ತಂತ್ರಾಂಶ. ಡಿಸ್ಕಿನ ಮೇಲೆ ಬರೆಯುವ ಪ್ರತಿಯೊಂದು ಕಡತವನ್ನೂ ಪರೀಕ್ಷಿಸುವುದು ಅದರ ಧರ್ಮ. ಇದನ್ನು ಪೂರ್ಣವಾಗಿ ಆರಿಸಿಬಿಡಿ ಎಂದು ಹಲವರು ಸಲಹೆ ನೀಡುವುದುಂಟು. ಅದಕ್ಕಿಂತ ವಿಡಿಯೋ ಉಳಿಸುವ ಫೋಲ್ಡರನ್ನು ಮಾತ್ರ ಪರೀಕ್ಷೆಯಿಂದ ಹೊರಗಿಡುವುದು ವಿವೇಕ. ಆ ಅವಕಾಶ ಬಹುತೇಕ ಎಲ್ಲಾ ತಂತ್ರಾಂಶಗಳಲ್ಲಿಯೂ ಇರುತ್ತದೆ. ನಿಗದಿತ ವೇಳೆಗೆ ನಡೆಯುವ ಪೂರ್ಣ ಪರೀಕ್ಷೆಯು ಅದೇ ಸಮಯಕ್ಕೆ ಬಾರದಂತೆಯೂ ನೋಡಿಕೊಳ್ಳಬೇಕು.

ಈ ಐದರಲ್ಲಿ ಹಲವನ್ನು ಒಂದೇ ಏಟಿಗೆ ಶಾಂತಗೊಳಿಸುವ ಉಪಾಯವೂ ಇದೆ. ಅದು ಅಂತರ್ಜಾಲದ ಸಂಪರ್ಕವನ್ನು ತೆಗೆದುಹಾಕುವುದು. ವೈಫೈ ಆರಿಸಿದೊಡನೆ ಪರಿಷ್ಕರಣೆ ತರಿಸಿಕೊಳ್ಳುವವು, ಕಡತ ಕಳುಹಿಸುವವು, ಸಂದೇಶ ತೋರಿಸುವವು ಸುಮ್ಮನಾಗುತ್ತವೆ. ಕ್ಯಾಸೆಟ್‌ನಿಂದ ಚಿತ್ರ ಇಳಿಸಿಕೊಳ್ಳಲು ಅಂತರ್ಜಾಲದ ಅಗತ್ಯವೇ ಇಲ್ಲ. ಹೀಗಾಗಿ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ವಿಂಡೋಸ್ 10 ಇರುವ ಹಳೆಯ ಯಂತ್ರವೂ, ಅಂತರ್ಜಾಲಕ್ಕೆ ಜೋಡಿಸದೆ ಇದ್ದಲ್ಲಿ, ಈ ಒಂದು ಕೆಲಸಕ್ಕೆ ಯೋಗ್ಯವಾದ ಯಂತ್ರವೇ ಆಗುತ್ತದೆ. ಮೂಲೆಗೆ ಸರಿಸಿದ ಗಣಕಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಸೇವೆ ಸಿಗಲಾರದು.

ಡಿಸ್ಕಿನ ಲೆಕ್ಕಾಚಾರ

ಫ್ರೇಮ್‌ಗಳು ಕೊನೆಗೆ ಸೇರುವ ನೆಲೆ ಡಿಸ್ಕ್. ಆದುದರಿಂದ ಎಷ್ಟು ಮಾಹಿತಿ ಬರುತ್ತದೆ ಎಂಬ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಪಾಲ್ ಪದ್ಧತಿಯ ಚಿತ್ರವನ್ನು ಗಣಕಯಂತ್ರಕ್ಕೆ ತರುವಾಗ ಅಡ್ಡಕ್ಕೆ 720, ಉದ್ದಕ್ಕೆ 576 ಬಿಂದುಗಳಾಗಿ ತರುತ್ತಾರೆ. ಒಂದು ಬಿಂದುವಿಗೆ ಸರಾಸರಿ 2 ಬೈಟ್‌ನಂತೆ ಒಂದು ಫ್ರೇಮ್‌ಗೆ 8,29,440 ಬೈಟ್ ಬೇಕು. ಸೆಕೆಂಡಿಗೆ 25 ಫ್ರೇಮ್ ಎಂದರೆ ಸುಮಾರು 20.7 ಎಂಬಿ, ಗಂಟೆಗೆ ಸುಮಾರು 75 ಜಿಬಿ. ಇದು ಏನನ್ನೂ ಕುಗ್ಗಿಸದೆ ಉಳಿಸಿದಾಗಿನ ಲೆಕ್ಕ. ಗುಣಮಟ್ಟಕ್ಕೆ ಕಿಂಚಿತ್ತೂ ಲೋಪವಾಗದಂತೆ ಕುಗ್ಗಿಸುವ ಹಫ್‌ವೈಯುವಿಯಂತಹ ವಿಧಾನಗಳಲ್ಲಿ ಇದು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಿವಿ ವಿಧಾನದಲ್ಲಿ ಗಂಟೆಗೆ ಸುಮಾರು 13 ಜಿಬಿ ಸಾಕು. ಸೆಕೆಂಡಿಗೆ 8 ಮೆಗಾಬಿಟ್‌ಗೆ ಕುಗ್ಗಿಸಿದರೆ ಗಂಟೆಗೆ 3.6 ಜಿಬಿ ಆಗುತ್ತದೆ.

ಈ ವೇಗವನ್ನು ತಾಳುವುದು ಇಂದಿನ ಸಾಮಾನ್ಯ ಹಾರ್ಡ್ ಡಿಸ್ಕಿಗೂ ಕಷ್ಟವಲ್ಲ. ಕಷ್ಟವಾಗುವುದು ಅದೇ ಡಿಸ್ಕಿನಲ್ಲಿ ವಿಂಡೋಸ್ ಕೂಡ ಇದ್ದಾಗ. ಹಾರ್ಡ್ ಡಿಸ್ಕಿನಲ್ಲಿ ಓದುವ ಹಾಗೂ ಬರೆಯುವ ಸೂಜಿಯಂತಹ ಭಾಗವು ತಿರುಗುವ ತಟ್ಟೆಯ ಮೇಲೆ ಜಾಗದಿಂದ ಜಾಗಕ್ಕೆ ಚಲಿಸಬೇಕಾಗುತ್ತದೆ. ವಿಂಡೋಸ್ ಒಂದು ಮೂಲೆಗೆ ಕರೆದರೆ, ವಿಡಿಯೋ ಇನ್ನೊಂದು ಮೂಲೆಗೆ ಕರೆಯುತ್ತದೆ. ಬರೆಯುವುದಕ್ಕಿಂತ ಓಡಾಟದಲ್ಲೇ ಕಾಲ ಕಳೆಯುತ್ತದೆ. ಡಿಸ್ಕ್ ತುಂಬುತ್ತಾ ಬಂದಿದ್ದರೆ ಖಾಲಿ ಜಾಗವು ಅಲ್ಲೊಂದು ಇಲ್ಲೊಂದು ತುಣುಕಾಗಿ ಹಂಚಿಹೋಗಿ ಈ ಓಡಾಟ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ವಿಡಿಯೋಗೆಂದೇ ಪ್ರತ್ಯೇಕವಾದ ಡಿಸ್ಕ್ ಇರುವುದು ಉತ್ತಮ. ಇಲ್ಲದಿದ್ದರೆ ಬೇಡದ ಕಡತಗಳನ್ನು ಬೇರೆಡೆಗೆ ಸಾಗಿಸಿ, ಹಾರ್ಡ್ ಡಿಸ್ಕನ್ನು ಡಿಫ್ರಾಗ್ ಮಾಡಿ, ಬೇಕಾದುದರ ಎರಡರಷ್ಟು ಜಾಗವನ್ನು ಖಾಲಿ ಇಟ್ಟುಕೊಳ್ಳಬೇಕು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗೆ ಡಿಫ್ರಾಗ್ ಮಾಡುವ ಅಗತ್ಯವಿಲ್ಲ.

ಯುಎಸ್‌ಬಿ ಮೂಲಕ ಹೊರಗಿನಿಂದ ಜೋಡಿಸುವ ಡಿಸ್ಕ್ ಬಳಸುವವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಚಿತ್ರವನ್ನು ಒಳಗೆ ತರುವ ಕ್ಯಾಪ್ಚರ್ ಸಾಧನವೂ ಯುಎಸ್‌ಬಿ ಮೂಲಕವೇ ಬರುತ್ತದೆ. ಯುಎಸ್‌ಬಿ 2.0 ದಾರಿಯ ಘೋಷಿತ ವೇಗ ಸೆಕೆಂಡಿಗೆ 480 ಮೆಗಾಬಿಟ್ ಆದರೂ ಬಳಕೆಯಲ್ಲಿ ದೊರೆಯುವುದು ಸೆಕೆಂಡಿಗೆ 30ರಿಂದ 35 ಎಂಬಿಯಷ್ಟು. 20.7 ಎಂಬಿ ಒಳಗೆ ಬರಬೇಕು, ಅಷ್ಟೇ ಹೊರಗೂ ಹೋಗಬೇಕು ಎಂದಾದರೆ ಒಟ್ಟು 41 ಎಂಬಿಗಿಂತ ಹೆಚ್ಚಾಯಿತು. ಒಂದೇ ದಾರಿಯಲ್ಲಿ ಇದು ಹಿಡಿಸುವುದಿಲ್ಲ. ಕ್ಯಾಪ್ಚರ್ ಸಾಧನಕ್ಕೆ ಯಂತ್ರದ ಹಿಂಬದಿಯ ಒಂದು ಕಿಂಡಿಯನ್ನು ನೇರವಾಗಿ ಕೊಟ್ಟು, ಡಿಸ್ಕನ್ನು ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಗೆ ಜೋಡಿಸಬೇಕು. ಹಲವು ಸಾಧನಗಳನ್ನು ಒಂದೇ ಕಿಂಡಿಗೆ ಸೇರಿಸುವ ಹಬ್ ಎಂಬ ಕವಲು ಸಾಧನವನ್ನು ಇಲ್ಲಿ ಬಳಸಬಾರದು.

ಹೊರಗಿನ ಡಿಸ್ಕ್ ಫ್ಯಾಟ್32 ಪದ್ಧತಿಯಲ್ಲಿದ್ದರೆ ಅದರಲ್ಲಿ 4 ಜಿಬಿ ಮೀರಿದ ಕಡತ ನಿಲ್ಲುವುದಿಲ್ಲ. ಡಿವಿ ವಿಧಾನದಲ್ಲಿ ಇಪ್ಪತ್ತು ನಿಮಿಷ ಕಳೆಯುವ ಮೊದಲೇ ಆ ಗಡಿ ಬಂದು ಕೆಲಸ ನಿಂತುಹೋಗಬಹುದು. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಪದ್ಧತಿಗೆ ಡಿಸ್ಕನ್ನು ಮೊದಲೇ ಬದಲಾಯಿಸಿಕೊಳ್ಳಬೇಕು. ಹಾಗೆ ಬದಲಾಯಿಸಲು ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲವೂ ಅಳಿಸಿಹೋಗುವುದರಿಂದ, ಇದ್ದುದನ್ನು ಬೇರೆಡೆ ಉಳಿಸಿಕೊಂಡೇ ಮುಂದುವರಿಯಬೇಕು.

ಪ್ರೊಸೆಸರ್‌ಗೆ ಹಗುರವಾದ ಕೆಲಸ

ಡಿಸ್ಕಿನ ಭಾರ ಮತ್ತು ಪ್ರೊಸೆಸರ್‌ನ ಭಾರ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಚಿತ್ರವನ್ನು ಹೆಚ್ಚು ಕುಗ್ಗಿಸಿದಷ್ಟೂ ಡಿಸ್ಕಿಗೆ ಕೆಲಸ ಕಡಿಮೆ, ಪ್ರೊಸೆಸರ್‌ಗೆ ಹೆಚ್ಚು. ಕಡಿಮೆ ಕುಗ್ಗಿಸಿದರೆ ಇದಕ್ಕೆ ವ್ಯತಿರಿಕ್ತ. ಪ್ರೊಸೆಸರ್ ದುರ್ಬಲವಾಗಿದ್ದು ಡಿಸ್ಕಿನಲ್ಲಿ ಜಾಗವಿದ್ದರೆ ಹಗುರವಾಗಿ ಕುಗ್ಗಿಸುವ ವಿಧಾನವನ್ನು ಆರಿಸಿಕೊಳ್ಳಬೇಕು. ಹಂಚಲು ಬೇಕಾದ ಚಿಕ್ಕ ಕಡತವನ್ನು ಆನಂತರ, ಕ್ಯಾಸೆಟ್ ಓಡುತ್ತಿಲ್ಲದ ಹೊತ್ತಿನಲ್ಲಿ, ನಿಧಾನವಾಗಿ ತಯಾರಿಸಿಕೊಳ್ಳಬಹುದು. ಆಗ ಯಂತ್ರ ಎಷ್ಟು ಹೊತ್ತು ತೆಗೆದುಕೊಂಡರೂ ಚಿಂತೆಯಿಲ್ಲ.

ಇದೇ ತತ್ವವನ್ನು ಉಳಿದ ಸಂಸ್ಕರಣೆಗಳಿಗೂ ಅನ್ವಯಿಸಬೇಕು. ಬಣ್ಣ ತಿದ್ದುವುದು, ಕಲೆ ತೆಗೆಯುವುದು, ಚಿತ್ರವನ್ನು ದೊಡ್ಡದಾಗಿಸುವುದು ಮುಂತಾದ ಕೆಲಸಗಳನ್ನು ಇಳಿಸಿಕೊಳ್ಳುವಾಗಲೇ ಮಾಡಹೊರಟರೆ ಪ್ರೊಸೆಸರ್ ಏದುಸಿರು ಬಿಡುತ್ತದೆ. ಕೆಲವು ತಂತ್ರಾಂಶಗಳು ತಾವಾಗಿಯೇ 1920 ಹಾಗೂ 1080 ಬಿಂದುಗಳ ಗಾತ್ರವನ್ನು ಆರಿಸಿಕೊಂಡಿರುತ್ತವೆ. ಹಳೆಯ ಕ್ಯಾಸೆಟ್‌ನಲ್ಲಿ ಅಷ್ಟು ವಿವರಗಳೇ ಇರುವುದಿಲ್ಲವಾದ್ದರಿಂದ ಇದು ವ್ಯರ್ಥ ದುಡಿಮೆ. 720 ಹಾಗೂ 576 ಬಿಂದು, ಸೆಕೆಂಡಿಗೆ 25 ಫ್ರೇಮ್ ಎಂದು ನಾವೇ ನಿಗದಿಪಡಿಸಬೇಕು. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳು ಅಲ್ಲಿ ಚಿತ್ರೀಕರಿಸಿ ಕಳುಹಿಸಿದ ಕ್ಯಾಸೆಟ್‌ಗಳು ಎನ್‌ಟಿಎಸ್‌ಸಿ ಪದ್ಧತಿಯವಾಗಿರುತ್ತವೆ. ಅವುಗಳಿಗೆ 720 ಹಾಗೂ 480 ಬಿಂದು, ಸೆಕೆಂಡಿಗೆ 29.97 ಫ್ರೇಮ್ ಎಂದಿರಬೇಕು. ಓಡಿಸುವ ಯಂತ್ರವೂ ಆ ಪದ್ಧತಿಯನ್ನು ಬಲ್ಲದ್ದಾಗಿರಬೇಕು.

ಇಳಿಯುತ್ತಿರುವ ಚಿತ್ರವನ್ನು ಪರದೆಯ ಮೇಲೆ ತೋರಿಸುವುದಕ್ಕೂ ಶ್ರಮವಿದೆ. ದುರ್ಬಲ ಯಂತ್ರದಲ್ಲಿ ಆ ಕಿಟಕಿಯನ್ನು ಚಿಕ್ಕದಾಗಿಸುವುದು ಅಥವಾ ಮುಚ್ಚುವುದು ಲೇಸು. ಕ್ಯಾಸೆಟ್ ಯಂತ್ರಕ್ಕೆ ಒಂದು ಹಳೆಯ ಟಿವಿ ಜೋಡಿಸಿಕೊಂಡರೆ ಚಿತ್ರವನ್ನು ಅಲ್ಲಿ ನೋಡಬಹುದು.

ವಿದ್ಯುತ್ತು ಮತ್ತು ಉಷ್ಣ

ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುವಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಅದನ್ನು ವಿದ್ಯುತ್ ಸಂಪರ್ಕಕ್ಕೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಗರಿಷ್ಠ ಕಾರ್ಯಕ್ಷಮತೆಯನ್ನು ಆರಿಸಬೇಕು. ಇಷ್ಟು ನಿಮಿಷಗಳ ನಂತರ ನಿದ್ರೆಗೆ ಜಾರುವಂತೆ ಇರುವ ಏರ್ಪಾಡನ್ನು ತೆಗೆಯಬೇಕು. ಯುಎಸ್‌ಬಿ ಸಾಧನಗಳನ್ನು ನಡುನಡುವೆ ನಿದ್ರೆಗೊಳಿಸುವ ಆಯ್ಕೆಯೂ ಅಲ್ಲಿಯೇ ಇರುತ್ತದೆ, ಅದನ್ನೂ ನಿಲ್ಲಿಸಬೇಕು.

ಉಷ್ಣವನ್ನು ಅನೇಕರು ಗಮನಿಸುವುದಿಲ್ಲ. ಪ್ರೊಸೆಸರ್ ಮಿತಿಮೀರಿ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗುತ್ತದೆ. ಮೊದಲ ಅರ್ಧಗಂಟೆ ಸರಿಯಾಗಿ ನಡೆದು ಆಮೇಲೆ ಫ್ರೇಮ್‌ಗಳು ತಪ್ಪತೊಡಗಿದರೆ ಇದೇ ಕಾರಣವಿರಬಹುದು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗಿನ ತಂಪು ಹೊತ್ತಿನಲ್ಲಿ ಮಾಡುವುದು ಸೂಕ್ತ. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬುಗಳ ಮೇಲೆ ಇಡದೆ ಗಟ್ಟಿಯಾದ ಮೇಜಿನ ಮೇಲೆ ಇರಿಸಿ, ಗಾಳಿಯ ಕಿಂಡಿಗಳಲ್ಲಿ ಸೇರಿರುವ ಧೂಳನ್ನು ತೆಗೆಯಬೇಕು.

ವಿದ್ಯುತ್ ಕಡಿತ ನಮ್ಮ ಊರುಗಳಿಗೆ ಹೊಸದಲ್ಲ. ಗಣಕಯಂತ್ರಕ್ಕೆ ಮಾತ್ರವಲ್ಲ, ಕ್ಯಾಸೆಟ್ ಓಡಿಸುವ ಯಂತ್ರಕ್ಕೂ ಯುಪಿಎಸ್ ಇರಬೇಕು. ಪಟ್ಟಿಯು ಹೆಡ್‌ಗೆ ಸುತ್ತಿಕೊಂಡಿರುವಾಗ ಯಂತ್ರ ಹಠಾತ್ತಾಗಿ ನಿಂತರೆ ಪಟ್ಟಿಗೇ ಅಪಾಯ. ಕಡತದ ರೂಪವೂ ಇಲ್ಲಿ ಮುಖ್ಯ. ಸಾಮಾನ್ಯವಾದ ಎಂಪಿ4 ಕಡತವು ತನ್ನ ಸೂಚಿಯನ್ನು ಕೊನೆಯಲ್ಲಿ ಬರೆದುಕೊಳ್ಳುವುದರಿಂದ ನಡುವೆ ವಿದ್ಯುತ್ ಹೋದರೆ ಅಲ್ಲಿಯವರೆಗಿನ ಭಾಗವೂ ತೆರೆಯದೆ ಹೋಗಬಹುದು. ಎಂಕೆವಿ ರೂಪದಲ್ಲಿ ಉಳಿಸಿದರೆ ಅದುವರೆಗಿನದು ಬಹುಮಟ್ಟಿಗೆ ದಕ್ಕುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಅಮೂಲ್ಯವಾದುದು

ಇಷ್ಟೆಲ್ಲಾ ಸಿದ್ಧವಾದ ಮೇಲೂ ಅತ್ಯಂತ ಅಮೂಲ್ಯವಾದ ಕ್ಯಾಸೆಟನ್ನು ಮೊದಲು ಹಾಕಬಾರದು. ಹೋದರೂ ಚಿಂತೆಯಿಲ್ಲವೆನ್ನುವ ಹಳೆಯ ಚಲನಚಿತ್ರದ ಕ್ಯಾಸೆಟ್ ಒಂದನ್ನು ಒಂದು ಗಂಟೆ ಪೂರ್ತಿಯಾಗಿ ಓಡಿಸಿ ನೋಡಬೇಕು. ವರ್ಚುವಲ್‌ಡಬ್ ಎಂಬ ಉಚಿತ ತಂತ್ರಾಂಶವು ಕೈಬಿಟ್ಟ ಫ್ರೇಮ್‌ಗಳ ಹಾಗೂ ಮಧ್ಯೆ ಸೇರಿಸಿದ ಫ್ರೇಮ್‌ಗಳ ಸಂಖ್ಯೆಯನ್ನು ಓಡುತ್ತಿರುವಾಗಲೇ ತೋರಿಸುತ್ತದೆ. ಇನ್ನೊಂದು ಉಚಿತ ತಂತ್ರಾಂಶವಾದ ಓಬಿಎಸ್ ಸ್ಟುಡಿಯೋದ ಅಂಕಿಅಂಶಗಳ ಕಿಟಕಿಯು, ಚಿತ್ರ ರೂಪಿಸುವಲ್ಲಿ ತಪ್ಪಿದವೆಷ್ಟು, ಕುಗ್ಗಿಸುವಲ್ಲಿ ತಪ್ಪಿದವೆಷ್ಟು, ಅಂತರ್ಜಾಲಕ್ಕೆ ಕಳುಹಿಸುವಲ್ಲಿ ತಪ್ಪಿದವೆಷ್ಟು ಎಂದು ಬೇರೆ ಬೇರೆಯಾಗಿ ಹೇಳುತ್ತದೆ. ಜಾತ್ರೆ, ಸಮಾರಂಭಗಳನ್ನು ನೇರಪ್ರಸಾರ ಮಾಡುವ ಯುವಕರಿಗೆ ಈ ವಿಂಗಡಣೆ ಬಹಳ ಉಪಯುಕ್ತ. ಮೂರನೆಯದು ಮಾತ್ರ ಏರುತ್ತಿದ್ದರೆ ಗಣಕಯಂತ್ರವನ್ನು ದೂರುವಂತಿಲ್ಲ, ಅಂತರ್ಜಾಲದ ಸಂಪರ್ಕವನ್ನು ನೋಡಬೇಕು.

ಪರೀಕ್ಷೆಯಲ್ಲಿ ಒಂದು ಗಂಟೆಯ ಕೊನೆಗೆ ತುಟಿ ಮತ್ತು ಮಾತು ಹೊಂದಿಕೊಂಡಿದ್ದು, ತಪ್ಪಿದ ಫ್ರೇಮ್‌ಗಳು ಇಲ್ಲವೆನ್ನುವಷ್ಟು ಕಡಿಮೆಯಿದ್ದರೆ ಮುಂದುವರಿಯಬಹುದು. ಇಲ್ಲದಿದ್ದರೆ ಒಂದೊಂದೇ ಬದಲಾವಣೆ ಮಾಡಿ ಪುನಃ ಪರೀಕ್ಷಿಸಬೇಕು. ಒಟ್ಟಿಗೆ ಹತ್ತನ್ನು ಬದಲಾಯಿಸಿದರೆ ಗುಣ ಯಾವುದರಿಂದ ಬಂತೆಂಬುದು ತಿಳಿಯದು.

ಅಮೂಲ್ಯ ಕ್ಯಾಸೆಟನ್ನು ಹಾಕುವ ಮುನ್ನ ಅದರ ಪಾರದರ್ಶಕ ಕಿಂಡಿಯಲ್ಲಿ ಇಣುಕಿ ನೋಡಬೇಕು. ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಅಥವಾ ಎಳೆಗಳು ಕಂಡರೆ ಅದು ಬೂಷ್ಟು. ಅಂತಹುದನ್ನು ಹಾಗೆಯೇ ಓಡಿಸಿದರೆ ಯಂತ್ರದ ಹೆಡ್ ಕೆಡುತ್ತದೆ, ಮುಂದಿನ ಕ್ಯಾಸೆಟ್‌ಗಳಿಗೂ ಅದು ಹರಡುತ್ತದೆ. ಅದನ್ನು ಬೇರೆಯಾಗಿ ಇಟ್ಟು ಈ ಕೆಲಸದಲ್ಲಿ ನುರಿತವರಿಗೆ ಒಪ್ಪಿಸುವುದು ಒಳಿತು. ಕ್ಯಾಸೆಟ್ ಓಡುತ್ತಿರುವಷ್ಟು ಹೊತ್ತು ಆ ಗಣಕಯಂತ್ರದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಬಾರದು. ಮಕ್ಕಳಿಗೆ ಆಟವಾಡಲು ಕೊಡಲೂಬಾರದು.

ಇಳಿಸಿಕೊಂಡ ನಂತರ

ಕೆಲಸ ಮುಗಿದ ಮೇಲೆ ತಡೆಹಿಡಿದಿದ್ದ ಪರಿಷ್ಕರಣೆಗಳನ್ನು, ನಿಲ್ಲಿಸಿದ್ದ ಸೇವೆಗಳನ್ನು, ವೈರಸ್ ಪರೀಕ್ಷೆಯಿಂದ ಹೊರಗಿಟ್ಟಿದ್ದ ಫೋಲ್ಡರನ್ನು ಮೊದಲಿನ ಸ್ಥಿತಿಗೆ ತರಬೇಕು. ಬದಲಾಯಿಸುವಾಗಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇದು ಮರೆಯುವುದಿಲ್ಲ. ಕಡತವನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆ ನೋಡಿ, ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಉಳಿಸಿ, ಒಂದನ್ನು ಬೇರೆ ಮನೆಯಲ್ಲಿ ಇರಿಸುವುದು ಕ್ಷೇಮ. ಮೂಲ ಕ್ಯಾಸೆಟನ್ನು ಎಸೆಯದೆ ಒಣಗಿದ ತಂಪು ಜಾಗದಲ್ಲಿ ನಿಲ್ಲಿಸಿ ಇಡಬೇಕು.

ಕೊನೆಯದಾಗಿ ಗಣಕಯಂತ್ರದಿಂದ ಆಗದ ಒಂದು ಕೆಲಸ ಉಳಿಯುತ್ತದೆ. ಚಿತ್ರದಲ್ಲಿ ಪಂಕ್ತಿಯ ಮೂರನೆಯ ಎಲೆಯಲ್ಲಿ ಕುಳಿತವರು ಯಾರು, ತೇರಿನ ಹಗ್ಗ ಹಿಡಿದವರು ಯಾವ ಮನೆಯವರು ಎಂಬುದನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಾ, ಹೆಸರು, ಊರು, ವರ್ಷಗಳನ್ನು ಬರೆದುಕೊಂಡು ಕಡತದೊಂದಿಗೇ ಇರಿಸಬೇಕು. ಹೆಸರು ತಿಳಿಯದ ಮುಖಗಳು ಮುಂದಿನ ಪೀಳಿಗೆಗೆ ಅಪರಿಚಿತರ ಮುಖಗಳಾಗಿಯೇ ಉಳಿಯುತ್ತವೆ. ಕ್ಯಾಸೆಟ್‌ಗೆ ಇರುವ ಆತುರಕ್ಕಿಂತ ಈ ಕೆಲಸದ ಆತುರ ಕಡಿಮೆಯದಲ್ಲ.